ಏರಿನಲ್ಲಿ ಕುದಿದ ಪಿಕಪ್

ವಾಚಕ ಮಹಾಶಯರೇ, ಓದಲು ಪುರುಸೊತ್ತಿಲ್ಲದೆ ಪರರ ಬಾಯಿಂದ ಕೇಳುತ್ತಿರುವ ಚಾಲಕ ಬಂಧುಗಳೇ! ಮತ್ಸರವು ಮನುಷ್ಯನ ನಿದ್ರೆ ಕೆಡಿಸುವುದೆಂದು ತಾವು ಬಲ್ಲಿರಿ. ಅದು ಎಂಜಿನ್ನನ್ನೂ ಕೆಡಿಸಬಲ್ಲದೆಂಬುದನ್ನು ನಾನು ಕಣ್ಣಾರೆ ಕಂಡೆನಾದ್ದರಿಂದ, ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಬೇಕರಿಯ ಬಾಗಿಲಲ್ಲಿ ಬ್ರೆಡ್ಡಿನ ಟ್ರೇಗಳನ್ನು ಎತ್ತಿಕೊಟ್ಟಿದ್ದಕ್ಕೆ, ಕಂಬಳಿ ಚೀಲ ಹೊತ್ತು ಊರೂರು ಅಲೆಯುವ ನನಗೆ ಒಂದು ಪಿಕಪ್ಪಿನಲ್ಲಿ ಜಾಗ ಸಿಕ್ಕಿತ್ತು. ಚಾಲಕನೂ ಅವನ ಹೆಂಡತಿಯೂ ಪ್ರತಿದಿನ ಬೆಳಗ್ಗೆ ಗುಡ್ಡದಾಚೆಯ ಅಂಗಡಿಗಳಿಗೆ ಬ್ರೆಡ್ ತಲುಪಿಸುವವರು. ಇತ್ತೀಚೆಗೆ ಏರಿನಲ್ಲಿ ಎಂಜಿನ್ ಕಾದು ಪದೇ ಪದೇ ತಡವಾಗುತ್ತಿತ್ತು. ಇನ್ನೊಮ್ಮೆ ತಡವಾದರೆ ಕೆಲಸವನ್ನು ಅವನ ಷಡ್ಡಕನಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ಕೊಡುವುದಾಗಿ ಬೇಕರಿ ಯಜಮಾನರು ಎಚ್ಚರಿಸಿದ್ದರು. ಷಡ್ಡಕನ ಬಳಿಯೂ ಅಂಥದೇ ಪಿಕಪ್ ಇತ್ತು. ಅದು ಒಂದು ದಿನವೂ ನಿಂತದ್ದಿಲ್ಲ.

"ಅವನ ಹಾರನ್ನು ಕೂಡ ನನ್ನ ನೋಡಿ ಕಿಸಕ್ಕಂತ ನಗುತ್ತೆ," ಎಂದ ಚಾಲಕ. "ನನ್ನ ಟ್ಯಾಂಕಿಗೆ ಏನೋ ಸುರಿದಿರೋದು ಅವನೇ."

"ಅಕ್ಕನ ಮನೇಲಿ ಯಾರು ಕೆಮ್ಮಿದ್ರೂ ನಿಮ್ಮನ್ನ ನೋಡೇ ಕೆಮ್ಮಿದ್ರು ಅಂತೀರಿ," ಎಂದಳು ಹೆಂಡತಿ. "ಮುಳ್ಳು ನೋಡ್ರೀ, ಕೆಂಪಿಗೆ ಬಂತು!"

ಕಾವು ತೋರಿಸುವ ಮುಳ್ಳು ನಿಜಕ್ಕೂ ಕೆಂಪು ಗೆರೆಯನ್ನು ದಾಟಿತ್ತು. ರಸ್ತೆಯ ಅಂಚಿಗೆ ಗಾಡಿ ನಿಲ್ಲಿಸಿ, ಚಾಲಕನು ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳದತ್ತ ಧಾವಿಸಿದ. ಹೆಂಡತಿ ಅವನ ರಟ್ಟೆ ಹಿಡಿದಳು.

"ಮುಖ ಬೇಯಿಸ್ಕೋಬೇಕಾ? ಎಂಜಿನ್ ಆಫ್ ಮಾಡಿ, ಆರೋವರೆಗೂ ಮುಟ್ಟಬೇಡಿ. ನಾನು ಭಾವನಿಗೆ ಫೋನ್ ಮಾಡ್ತೀನಿ."

"ಯಾರಿಗೆ? ಬ್ರೆಡ್ಡು ಅವನ ಗಾಡಿಗೆ ಹತ್ತಿದ್ರೆ ನಾಳೆಯಿಂದ ಕೆಲಸಾನೂ ಅಲ್ಲಿಗೇ ಹತ್ತುತ್ತೆ ಕಣೇ!"

ಅಷ್ಟರಲ್ಲಿ ಅವಳು ಮಾತಾಡಿಯಾಗಿತ್ತು. ತುಸು ಹೊತ್ತಿಗೆ ಷಡ್ಡಕ ಖಾಲಿ ಪಿಕಪ್ಪಿನಲ್ಲಿ ಬಂದಿಳಿದ. ಚಾಲಕನ ಕಣ್ಣು ಆ ಖಾಲಿ ಗಾಡಿಯ ಮೇಲೆಯೇ ನೆಟ್ಟಿತ್ತು.

"ಬ್ರೆಡ್ ಇಳಿಸ್ಕೊಳ್ಳೋಕೆ ಬಂದ್ಯಾ ಅಣ್ಣ?"

"ನಿನ್ನ ಬ್ರೆಡ್ ನನಗ್ಯಾಕೋ? ನೀರು, ಬೆಲ್ಟು ನೋಡ್ದ್ಯಾ?"

"ಎಲ್ಲ ನೋಡ್ದೆ. ಟ್ಯಾಂಕಲ್ಲಿ ಗೆರೆವರೆಗೂ ನೀರಿದೆ. ಎಲ್ಲೂ ಸೋರಿಲ್ಲ. ಬೆಲ್ಟು ಹೊಸದು. ಮನೆ ಮುಂದೆ ಸರಿಯಾಗೇ ಓಡುತ್ತೆ, ಲೋಡ್ ಹಾಕಿ ಏರು ಹತ್ತಿದ್ರೆ ಮಾತ್ರ ಕುದಿಯುತ್ತೆ."

"ಯಾವಾಗಿಂದ?"

"ಈ ಬೋರ್ಡ್ ಹಾಕಿಸಿದ ಮೇಲಿಂದ..." ಎಂದವನೇ ಚಾಲಕ ಬಾಯಿ ಮುಚ್ಚಿಕೊಂಡ.

ಷಡ್ಡಕನ ಗಾಡಿಯ ಮುಂದೆ 'ಹೋಗಿ ಬರುವೆ' ಎಂಬ ಅಂಗೈಯಗಲದ ಬೋರ್ಡಿತ್ತು. ಅದನ್ನು ಮೀರಿಸಲೆಂದೇ ಈತನು 'ನನಗೆ ನಾನೇ ಸಾಟಿ' ಎಂದು ಬರೆಸಿದ ತಗಡನ್ನು, ಮುಂಭಾಗದ ಜಾಲರಿಯನ್ನು ಪೂರ್ತಿ ಮುಚ್ಚುವಂತೆ ಬಿಗಿಸಿದ್ದ.

"ಅಯ್ಯೋ ಮಾರಾಯ! ಮೂಗು ಹಿಡ್ಕೊಂಡು ಗುಡ್ಡ ಹತ್ತು ಅಂದ್ರೆ ನೀನು ಹತ್ತುತ್ತೀಯಾ? ರೇಡಿಯೇಟರ್ ತಣ್ಣಗಾಗೋದೇ ಈ ಜಾಲರಿಯಿಂದ ನುಗ್ಗೋ ಗಾಳಿಯಿಂದ."

"ಹೊಟ್ಟೆಕಿಚ್ಚಿಗೆ ಹೇಳ್ತಿದೀಯ. ನನ್ನ ಬೋರ್ಡ್ ತೆಗೆಸೋಕೆ!"

ಷಡ್ಡಕ ತನ್ನ ಗಾಡಿಯಿಂದ ಸ್ಪ್ಯಾನರ್ ತಂದ. ಎಂಜಿನ್ ಆರಿದ ಬಳಿಕ ಬೋಲ್ಟು ಸಡಿಲಿಸಿ ತಗಡನ್ನು ಕಳಚಿದ. ಜಾಲರಿಯೊಳಗೆ ಒಣ ಎಲೆ, ಧೂಳು ಗಟ್ಟಿಯಾಗಿ ಕೂತಿದ್ದವು, ಅವನ್ನೂ ಗುಡಿಸಿದ. ಗಾಡಿ ಚಾಲೂ ಮಾಡಿಸಿ, ಬ್ರೆಡ್ ಸುತ್ತುವ ಕಾಗದವೊಂದನ್ನು ಜಾಲರಿಯ ಹೊರಗೆ ಹಿಡಿದು ಬಿಟ್ಟ. ಕಾಗದ ಜಾಲರಿಗೆ ಪಟ್ಟನೆ ಅಂಟಿಕೊಂಡಿತು.

"ಒಳಗಿನ ಫ್ಯಾನು ಹೆಂಗೆ ಎಳೀತಿದೆ ನೋಡು. ಇಷ್ಟು ದಿನ ಬರೀ ತಗಡನ್ನ ಎಳೀತಿತ್ತು. ಹೊರಡು, ಅಂಗಡಿಯವರು ಕಾಯ್ತಿರ್ತಾರೆ. ನಾನು ಹಿಂದೇ ಬರ್ತೀನಿ."

ಚಾಲಕ ಹೊರಡಲಿಲ್ಲ. "ಬ್ರೆಡ್ಡು... ನಿನ್ನ ಗಾಡಿಗೆ ಬೇಡ್ವಾ?"

"ಬೇಡ. ಆದ್ರೆ ಈ ಅಕ್ಷರ ಬರೆದವರು ಯಾರು ಅಂತ ಹೇಳು." ಷಡ್ಡಕ ತಗಡನ್ನು ತಿರುಗಿಸಿ ನೋಡಿ ತಲೆ ತಗ್ಗಿಸಿದ. "ಇದನ್ನ ನೋಡಿದಾಗಿಂದ ನನಗೆ ಊಟ ಸೇರ್ತಿಲ್ಲ. ಇದಕ್ಕಿಂತ ದೊಡ್ಡದು ಹಾಕಿಸೋಣ ಅಂತ ನಿನ್ನೇನೇ ಅಳತೆ ಕೊಟ್ಟು ಬಂದೆ."

ಚಾಲಕನ ಮುಖ ಅರಳಿದ್ದನ್ನು ನೋಡಬೇಕಿತ್ತು! "ನಿಜವಾಗ್ಲೂ ಅಣ್ಣ? ಊಟ ಸೇರ್ತಿಲ್ವಾ?"

"ಇದನ್ನ ಹಿಂದಿನ ಬಾಗಿಲಿಗೆ ಹಾಕಿಸೋ. ಅಲ್ಲಿ ಗಾಳಿಗೆ ಅಡ್ಡ ಬರಲ್ಲ."

"ಹಾಗಾದ್ರೆ ಅದನ್ನ ಓದೋಕೆ ಭಾವ ಯಾವಾಗ್ಲೂ ಹಿಂದೇನೇ ಇರ್ಬೇಕಲ್ಲ!" ಎಂದಳು ಹೆಂಡತಿ. ಚಾಲಕನಿಗೆ ಆ ಜಾಗ ತಕ್ಷಣವೇ ಒಪ್ಪಿಗೆಯಾಯಿತು.

ಪಿಕಪ್ ಗುಡ್ಡದ ನೆತ್ತಿ ಮುಟ್ಟಿದಾಗಲೂ ಮುಳ್ಳು ನಡುವಿನಿಂದ ಅಲುಗಲಿಲ್ಲ. ಮೊದಲ ಅಂಗಡಿಯವನು ಆಗಷ್ಟೇ ಬಾಗಿಲು ಎತ್ತುತ್ತಿದ್ದ.

ಆದ್ದರಿಂದ ಬಂಧುಗಳೇ, ಮುಳ್ಳು ಕೆಂಪಿಗೆ ಬಂದರೆ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ. ಬಿಸಿ ಮುಚ್ಚಳವನ್ನು ತೆರೆಯಬೇಡಿ, ಕಾದ ಎಂಜಿನ್ನಿಗೆ ತಣ್ಣೀರು ಎರಚಬೇಡಿ. ಪೂರ್ತಿ ತಣ್ಣಗಾದ ಮೇಲೆ ನೀರು, ಸೋರಿಕೆ, ಬೆಲ್ಟು ನೋಡಿ. ಜಾಲರಿಯ ಮುಂದೆ ಏನೂ ಅಡ್ಡವಿರದಂತೆ ನೋಡಿಕೊಳ್ಳಿ. ಪರರ ಮೇಲೆ ಅನುಮಾನ ಪಡುವ ಮುನ್ನ, ತೊಂದರೆ ಶುರುವಾಗುವ ಹೊತ್ತಿಗೆ ಗಾಡಿಗೆ ನೀವೇ ಏನು ಸೇರಿಸಿದ್ದಿರೆಂದು ನೆನೆಯಿರಿ.

ನಾನು ಆ ಅಂಗಡಿಯ ಮುಂದೆ ಇಳಿದು, ಕಂಬಳಿ ಸುತ್ತಿ, ಚೀಲದ ಬಾಯಿ ಕಟ್ಟಿದೆ. ಎರಡೂ ಪಿಕಪ್ಪುಗಳು ಒಂದರ ಹಿಂದೊಂದು ಹಾರನ್ ಬಾರಿಸುತ್ತ ಇಳಿಜಾರಿನಲ್ಲಿ ಮರೆಯಾದವು. ಗಾಡಿಯೂ ಇಲ್ಲದ, ಮತ್ಸರಪಡಲು ಒಬ್ಬ ಷಡ್ಡಕನೂ ಇಲ್ಲದ ನನಗೆ ಒಂದು ಗಳಿಗೆ ಹೊಟ್ಟೆಯುರಿಯಿತು. ಚೀಲವನ್ನು ಹೆಗಲಿಗೇರಿಸಿ ಇನ್ನೊಂದು ದಾರಿ ಹಿಡಿದೆ.