ಬೇಕರಿಯವರ ಬೇಲಿ

ಕೋಪ ಟೈಲರಮ್ಮನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, “ಉಸಿರು ಬಿಡಿ ಸ್ವಾಮಿ, ಅಂಗಿ ಹಾಕ್ಕೊಂಡ ಮೇಲೆ ಉಸಿರಾಡೋದು ಬೇಡ್ವಾ?” ಎಂದು ಗದರುವ ಹೆಂಗಸು ಅವಳು. ಗದರಿದ್ದು ಸರಿಯಾಗಿಯೇ ಇರುತ್ತಿತ್ತು, ಹೊಲಿದ ಅಂಗಿಯೂ ಮೈಗೆ ಸರಿಯಾಗಿ ಕೂರುತ್ತಿತ್ತು. ಹತ್ತು ಸಲ ಸಿಟ್ಟು ಮಾಡಿಕೊಂಡು ಹತ್ತು ಸಲವೂ ತಾನೇ ಸರಿ ಎನಿಸಿಕೊಂಡವರಿಗೆ ಹನ್ನೊಂದನೆಯ ಸಲ ಅನುಮಾನ ಬರುವುದಿಲ್ಲ. ಕಷ್ಟ ಇರುವುದು ಅಲ್ಲಿಯೇ.

ಅವಳ ಗಂಡ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಯಾರು ಏನು ಹೇಳಿದರೂ ‘ಆಯ್ತು’ ಅನ್ನುತ್ತಿದ್ದುದರಿಂದ ಬಸ್ಸಿನ ಮಕ್ಕಳೇ ಅವನಿಗೆ ಆಯ್ತುರಾಯ ಎಂದು ಹೆಸರಿಟ್ಟಿದ್ದರು. ಬಾಯಿಗೆ ಬೆರಳಿಟ್ಟರೂ ಕಚ್ಚಲು ಬಾರದ ಮನುಷ್ಯ ಎಂದು ಎಲ್ಲರೂ ಹೊಗಳುತ್ತಿದ್ದರು. ಮದುವೆಯಾದಾಗಿನಿಂದ ಅವಳೂ ಹಾಗೆಯೇ ನಂಬಿದ್ದಳು.

ಅದೇ ಬೀದಿಯ ಬೇಕರಿಯ ಹಿತ್ತಲಿನಿಂದ ಶುರುವಾಗಿ ಗುಡ್ಡದ ಮೇಲಿನ ಹಳೆಯ ಕಲ್ಲುಗಣಿಯವರೆಗೆ ಮರಗಳಿದ್ದ ಜಾಗ ಅವಳ ಸೋದರಮಾವನದು. ಮಕ್ಕಳಿಲ್ಲದ ಮಾವ ಅದನ್ನು ಅವಳ ಹೆಸರಿಗೆ ಬರೆದುಕೊಟ್ಟಾಗ, “ದೊಡ್ಡ ಮರ ನೋಡಿ ಹಿಗ್ಗಬೇಡ ಮಗಳೇ, ಕೆಳಗೆ ಬಗ್ಗಿ ನೋಡು” ಎಂದಿದ್ದ. ಬಗ್ಗಿ ನೋಡಿದರೆ ಕೆಂಪುಮಣಿ. ಯಾವ ಕಾಲದಲ್ಲೋ ಯಾರೋ ಅಂದಕ್ಕೆಂದು ಹೊರಗಿನಿಂದ ತಂದು ನೆಟ್ಟ ಪೊದೆ. ಅದರ ಕೆಂಪು ಹಣ್ಣನ್ನು ಹಕ್ಕಿಗಳು ತಿಂದು ಊರೆಲ್ಲ ಬಿತ್ತಿದ್ದವು. ಬೇರೆ ಗಿಡಗಳು ಕಣ್ಣು ಬಿಡುವ ಮೊದಲೇ ಅದು ಎಲೆ ಬಿಡುತ್ತದೆ, ಎಲ್ಲವೂ ಎಲೆ ಉದುರಿಸಿದ ಮೇಲೂ ಹಸಿರಾಗಿ ನಿಂತಿರುತ್ತದೆ. ಅದರ ಬುಡಕ್ಕೆ ಬಿಸಿಲು ಬೀಳದು. ಮರದ ಬೀಜ ಮೊಳೆತರೂ ಬಿಳಿಚಿಕೊಂಡು ಸಾಯುತ್ತದೆ. ಇಡೀ ಕಾಡಿನಲ್ಲಿ ಇದ್ದದ್ದೆಲ್ಲ ಮುದಿಮರಗಳೇ, ಎಳೆಯದು ಒಂದೂ ಇರಲಿಲ್ಲ. ತಾನು ಸಾಯುವುದರೊಳಗೆ ಆ ನೆಲದಲ್ಲಿ ಆಳೆತ್ತರದ ಎಳೆಮರಗಳನ್ನು ಕಾಣಬೇಕು ಎಂದು ಟೈಲರಮ್ಮ ಅವತ್ತೇ ಹಟ ಹಿಡಿದಳು.

ಅಂಗಡಿಯ ರಜೆಯ ದಿನವೆಲ್ಲ ಅದಕ್ಕೇ ಹೋಯಿತು. ಮಳೆ ಬಿದ್ದು ನೆಲ ಮೆತ್ತಗಾದಾಗ ಸಣ್ಣವನ್ನು ಬೇರುಸಮೇತ ಕೀಳುವುದು. ದೊಡ್ಡವನ್ನು ಬುಡಕ್ಕೆ ಗರಗಸ ಹಾಕಿ ಕೊಯ್ದು, ಕೊಯ್ದ ಬಾಯಿ ಹಸಿಯಾಗಿರುವಾಗಲೇ ಕುಂಚದಿಂದ ಕಳೆ ಕೊಲ್ಲುವ ಔಷಧಿ ಬಳಿಯುವುದು. ತಡವಾದರೆ ಒಂದರ ಜಾಗದಲ್ಲಿ ಹತ್ತು ಚಿಗುರುತ್ತವೆ. ಹಣ್ಣಿದ್ದರೆ ಮೊದಲು ಹಣ್ಣು ಕಿತ್ತು ಚೀಲಕ್ಕೆ, ಆಮೇಲೆ ಕೊಂಬೆಗೆ ಕೈ. ಹಳೆಯ ಜೀನ್ಸ್ ಪ್ಯಾಂಟುಗಳನ್ನು ಕತ್ತರಿಸಿ, ಒಳಗೆ ಚಿಂದಿ ತುಂಬಿ, ಇಬ್ಬರ ಮಂಡಿಗೂ ಅವಳೇ ದಿಂಬು ಹೊಲಿದಳು. ಕಲ್ಲುಗಣಿಯ ಮಗ್ಗುಲಿಗೆ ಮಾತ್ರ ಗಂಡ ಅವಳನ್ನು ಬಿಡಲಿಲ್ಲ. “ಅಲ್ಲಿ ಮಣ್ಣು ಕುಸೀತದೆ ಕಣೇ, ನಿನ್ನ ಮಂಡಿಗೆ ಆಗಲ್ಲ. ಮೇಲಿಂದು ನಾನು ನೋಡ್ಕೋತೀನಿ” ಎಂದ. ಅವನ ಬಾಯಿಂದ ಅಷ್ಟುದ್ದದ ಮಾತು ಬರುವುದೇ ಅಪರೂಪ. ನನ್ನ ಮಂಡಿಯ ಚಿಂತೆ ಇವರಿಗಾದರೂ ಇದೆಯಲ್ಲ ಎಂದು ಅವಳ ಕಣ್ಣು ತುಂಬಿತ್ತು.

ಆದರೆ ಪ್ರತಿ ಮಳೆಗಾಲಕ್ಕೂ ಕೆಂಪುಮಣಿಯ ಸಸಿ ಮತ್ತೆ ಏಳುತ್ತಿತ್ತು. ಕಿತ್ತಷ್ಟೂ ಏಳುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅವಳ ಕೆಲಸ. ಎಲ್ಲಿಂದಲೋ ಹೊಸ ಬೀಜ ಬರುತ್ತಿದೆ ಎಂದು ಖಾತ್ರಿಯಾಗಿ ಸುತ್ತ ಕಣ್ಣಾಡಿಸಿದಾಗ ಸಿಕ್ಕಿದ್ದು ಬೇಕರಿಯವರ ಬೇಲಿ. ಹಿತ್ತಲ ಸುತ್ತ, ಸೊಂಟದೆತ್ತರಕ್ಕೆ, ಪೆಟ್ಟಿಗೆಯ ಹಾಗೆ ನೀಟಾಗಿ ಕತ್ತರಿಸಿದ ಕೆಂಪುಮಣಿ.

ಅದಾಗಿ ಮೂರು ವರ್ಷ. ಸಂಜೆ ಒಲೆಯಿಂದ ಬಿಸಿ ಬ್ರೆಡ್ಡು ಇಳಿಯುವ ಹೊತ್ತಿಗೆ, ಅಂಗಡಿ ತುಂಬ ಜನ ಇದ್ದಾಗ, ಅವಳು ಒಳಗೆ ನುಗ್ಗಿದ್ದಳು. ಬೇಕರಿಯವರು ಹಿಟ್ಟಿನ ಕೈ ಒರೆಸಿಕೊಳ್ಳುತ್ತ, “ಇಲ್ಲಮ್ಮ, ಅದು ಹೂ ಬಿಡೋಕೆ ಮುಂಚೆನೇ ಕತ್ತರಿಸಿಬಿಡ್ತೀನಿ. ಹಣ್ಣೇ ಆಗಲ್ಲ” ಅಂದರು.

“ಹಣ್ಣಾಗದೆ ನನ್ನ ಕಾಡಿಗೆ ಬೀಜ ಆಕಾಶದಿಂದ ಉದುರ್ತಾ? ಗಾಳಿ ತುಂಬಿದ ಬನ್ನು ಮಾರಿ ಮಾರಿ ಮಾತಿಗೂ ಗಾಳಿ ತುಂಬೋದು ಕಲಿತಿದ್ದೀರಿ!”

ಜನ ನಕ್ಕಿದ್ದರು. ನಗುವಿನ ರುಚಿ ಹತ್ತಿದ ಮೇಲೆ ಕೇಳಬೇಕೆ? ಸುಳ್ಳುಗಾರ, ಸೋಮಾರಿ, ಬೇರೆಯವರ ಬೆವರಿನ ಮೇಲೆ ಬೀಜ ಚೆಲ್ಲುವವನು ಎಂದು ಬಾಯಿಗೆ ಬಂದದ್ದೆಲ್ಲ ಅಂದಿದ್ದಳು. ಗಂಡ ಅವಳ ಪಕ್ಕದಲ್ಲೇ ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ನಿಂತಿದ್ದ. “ಇವರನ್ನೇ ಕೇಳಿ, ನನ್ನ ಜೊತೆ ಮಂಡಿ ಸವೆಸ್ತಿರೋರು!” ಎಂದು ಅವನ ಕಡೆ ಕೈ ತೋರಿಸಿದಾಗ ಅವನು ನೆಲ ನೋಡುತ್ತ, “ಆಯ್ತು, ಇನ್ನು ಸಾಕು” ಅಂದಿದ್ದ. ಮುಂದಿನ ವಾರ ಬೇಕರಿಯವರು ಆಳು ಕರೆಸಿ ಬೇಲಿಯನ್ನು ಬುಡಸಮೇತ ಅಗೆಸಿಹಾಕಿದರು. ಟೈಲರಮ್ಮ ಗೆದ್ದಳು. ಅಂದಿನಿಂದ ಅವಳು ದಾಟಿಹೋಗುವಾಗ ಆ ಮನುಷ್ಯ ತಲೆ ಎತ್ತುತ್ತಿರಲಿಲ್ಲ.

ಬೇಲಿ ಹೋದರೂ ಸಸಿ ಏಳುವುದು ನಿಲ್ಲಲಿಲ್ಲ, ಹಳೆಯ ಬೀಜವಿರಬೇಕು ಎಂದುಕೊಂಡಳು. ಈ ವರ್ಷ ಮಳೆ ನಿಂತ ಮೇಲೆ ಗಂಡ ಹಲ್ಲು ಕೀಳಿಸಿಕೊಳ್ಳಲು ಹೋದ ದಿನ ಅವಳೊಬ್ಬಳೇ ಕಾಡಿಗೆ ಹೋದಳು. ಬೇಕರಿಯ ಕಡೆ ಕುಕ್ಕರುಗಾಲಿನಲ್ಲಿ ಕೂತು ಹುಡುಕಿದರೂ ಕೆಂಪುಮಣಿಯ ಸಸಿ ಬೆರಳೆಣಿಕೆಯಷ್ಟು. ನಡುವೆ ಬಂದರೆ ಹೆಚ್ಚು. ಇನ್ನೂ ಮೇಲೆ ಹತ್ತಿದರೆ ಹುಲ್ಲಿನಷ್ಟು ದಟ್ಟ. ಬಟ್ಟೆ ಬಿಚ್ಚಿಕೊಳ್ಳುತ್ತಿದ್ದರೆ ದಾರದ ಹಿಂದೆಯೇ ಹೋಗಿ ಮೊದಲ ಹೊಲಿಗೆ ಹುಡುಕುವುದು ಅವಳ ಕಸುಬು. ಹೋದಳು. ಮಣ್ಣು ಎಲ್ಲಿ ಕುಸಿಯುತ್ತದೋ ಎಂದು ಹೆಜ್ಜೆಹೆಜ್ಜೆಗೂ ಕೋಲೂರಿ ನೋಡಿದಳು. ಮಣ್ಣು ಕುಸಿಯಲಿಲ್ಲ. ಕುಸಿಯುವುದು ಹಾಗಿರಲಿ, ಕಲ್ಲುಗಣಿಯ ಗುಂಡಿಗೆ ಇಳಿಯಲು ಯಾರೋ ಮೆಟ್ಟಿಲು ಕಡಿದು, ಅಂಚಿಗೆ ಕಲ್ಲು ಜೋಡಿಸಿದ್ದರು.

ಗುಂಡಿಯಲ್ಲಿ ಇಬ್ಬರಾಳೆತ್ತರದ ಕೆಂಪುಮಣಿ ನಿಂತಿತ್ತು. ಮೈತುಂಬ ಹಣ್ಣು, ಹಣ್ಣಿನ ತುಂಬ ಹಕ್ಕಿ. ಬುಡದ ಕಸ ತೆಗೆದು ಪಾತಿ ಮಾಡಿತ್ತು. ಪಕ್ಕದಲ್ಲಿ ನೀರಿನ ಡಬ್ಬಿ, ಅದರ ಪಕ್ಕದಲ್ಲಿ ಹಳೆಯ ಬಸ್ಸಿನ ಸೀಟು. ಬಾಗಿದ ಕೊಂಬೆಯೊಂದನ್ನು ಗೂಟಕ್ಕೆ ಕಟ್ಟಿದ್ದ ಬಟ್ಟೆಯ ಪಟ್ಟಿ ಅವಳ ಅಂಗಡಿಯದೇ, ಅವಳೇ ಕತ್ತರಿಸಿ ಚಿಂದಿಯ ಬುಟ್ಟಿಗೆ ಹಾಕಿದ ನೀಲಿ ಅಂಚು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೆ ಅವಳಿಗೆ ಮೊದಲು ನೆನಪಾದದ್ದು ಗಂಡನಲ್ಲ, ಬೇಕರಿಯವರು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ‘ಹಣ್ಣೇ ಆಗಲ್ಲ’ ಅಂದಿದ್ದ ಆ ಮುಖ. ನಿಜ ಹೇಳಿದ್ದ ಮನುಷ್ಯನನ್ನು ನಾಲ್ಕು ಜನರ ಮುಂದೆ ಸುಳ್ಳುಗಾರ ಅಂದಿದ್ದಳು. ಅವಳ ಕಿವಿ ಬಿಸಿಯಾಯಿತು. ಹಣ್ಣಿದ್ದ ಒಂದು ಕೊಂಬೆ ಮುರಿದು, ಒಂದೂ ಕೆಳಗೆ ಬೀಳದ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

ಗಂಡ ಬಂದಾಗ ಕೆನ್ನೆ ಊದಿತ್ತು, ಬಾಯಲ್ಲಿ ಹತ್ತಿ ಇತ್ತು. ಊಟದ ಮೇಜಿನ ಮೇಲಿದ್ದ ಕೊಂಬೆ ನೋಡಿದವನೇ ನಿಂತಲ್ಲೇ ನಿಂತ.

“ಏನ್ರೀ ಇದು?”

“ಉಂ…”

“ಹತ್ತಿ ತೆಗೀರಿ.”

“ಡಾಕ್ಟ್ರು… ಸಂಜೆವರೆಗೂ ಕಚ್ಕೊಂಡಿರಿ ಅಂದ್ರು.”

“ಮದುವೆ ಆದಾಗಿಂದ ಕಚ್ಕೊಂಡಿದ್ದೀರಲ್ಲ, ಸಾಕು. ತೆಗೀರಿ!”

ತೆಗೆದ. ಹತ್ತಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದುಕೊಂಡು, “ಒಂದೇ ಗಿಡ ಕಣೇ. ಹಕ್ಕಿ ಬರ್ತವೆ ಅಂತ ಬಿಟ್ಟೆ” ಅಂದ.

“ಬಂದು? ಬಂದು ಏನ್ ಮಾಡ್ತವೆ? ಹೊಟ್ಟೆ ತುಂಬ ತಿಂದು ನನ್ನ ಕಾಡ್ ತುಂಬ ಹಿಕ್ಕೆ ಹಾಕ್ತವೆ! ನಾನು ಕೆಳಗೆ ಮಂಡಿಯೂರಿ ಕೀಳ್ತಾ ಇದ್ರೆ ನೀವು ಮೇಲೆ ಸೀಟು ಹಾಕ್ಕೊಂಡು ಕೂತು ಬಿತ್ತಿಸ್ತಾ ಇದ್ರಿ. ಕೆಲಸ ಮಾಡಿ ಸುಸ್ತಾಯ್ತು ಅಂತ ಬರ್ತಿದ್ರಲ್ಲ, ಬೆನ್ನಿಗೆ ಎಣ್ಣೆ ಹಚ್ಚಿದೀನಲ್ರೀ ನಾನು!”

ಅವನು ರಕ್ತ ಬೆರೆತ ಎಂಜಲು ನುಂಗಿ, “ಮನೇಲಿ ಚಮಚ ಎಲ್ಲಿರಬೇಕು ಅನ್ನೋದು ನೀನೇ ಹೇಳ್ತಿ. ಕಾಡಲ್ಲಿ ಯಾವ ಗಿಡ ಇರಬೇಕು ಅನ್ನೋದೂ ನೀನೇ. ಯಾರೂ ಏನೂ ಹೇಳದೇ ಇರೋ ಒಂದು ಜಾಗ ಬೇಕಿತ್ತು ನನಗೆ” ಅಂದ.

ಮಾತು ನಾಟಿತು. ಸುಳ್ಳಾಗಿದ್ದರೆ ನಾಟುತ್ತಿರಲಿಲ್ಲ. ಆದರೆ ನಾಟಿದ್ದರಿಂದ ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ನೆತ್ತಿಗೇರಿತು.

“ಬೇಕು ಅಂದ್ರೆ ಕೇಳ್ಬೇಕಿತ್ತು.”

“ಕೇಳಿದ್ರೆ ಬೈತಿದ್ದೆ.”

“ಬೈತಿದ್ದೆ! ಬೈಸ್ಕೋಬೇಕಿತ್ತು! ಬೈಗುಳ ತಿಂದು ಯಾರಾದ್ರೂ ಸತ್ತಿದ್ದಾರಾ? ನಿಮ್ಮ ಪಾಲಿನ ಬೈಗುಳನ ಆ ಬೇಕರಿಯವರಿಗೆ ಉಣ್ಣಿಸಿದ್ರಿ. ಎಲ್ಲಾ ಗೊತ್ತಿದ್ದೂ ಪಕ್ಕದಲ್ಲೇ ಬ್ರೆಡ್ಡು ಹಿಡ್ಕೊಂಡು ನಿಂತಿದ್ರಿ. ಅವರ ಬೇಲಿ ಅಗೀವಾಗ್ಲೂ ಬಾಯಿ ಬಿಡ್ಲಿಲ್ಲ!”

ಆಯ್ತುರಾಯ ಹತ್ತಿಯನ್ನು ಮತ್ತೆ ಬಾಯಿಗಿಟ್ಟುಕೊಂಡ. ಹೆಂಡತಿಯ ಬಾಯಿಗೆ ಹೆದರಿ ಸುಮ್ಮನಿದ್ದೆ ಅನ್ನುವುದು ಎಷ್ಟು ಸಲೀಸು! ಕೂಗಾಡುವವಳು ಗಯ್ಯಾಳಿ, ಸುಮ್ಮನಿದ್ದವನು ಸಾಧು. ಸಾಧುವಿನ ಪೊದೆ ಮೇಲೆ ಹಣ್ಣು ಬಿಡುತ್ತಿತ್ತು, ಗಯ್ಯಾಳಿಯ ಮಂಡಿ ಕೆಳಗೆ ಸವೆಯುತ್ತಿತ್ತು. ಟೈಲರಮ್ಮ ಆ ರಾತ್ರಿ ಹೊಲಿಗೆಯಂತ್ರದ ಕೋಣೆಯಲ್ಲೇ ಮಲಗಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಗುಂಡಿಗೆ ಇಳಿದರು. ಹಣ್ಣು ಕೀಳುವುದಕ್ಕೇ ಮಧ್ಯಾಹ್ನವಾಯಿತು, ಚೀಲದ ಮೇಲೆ ಚೀಲ ತುಂಬಿತು. ಅವಳು ಗರಗಸವನ್ನು ಅವನ ಕೈಗೆ ಕೊಟ್ಟಳು. “ನೀವೇ.” ಅವನು ಕೊಯ್ದ. ಪೊದೆ ಪಕ್ಕಕ್ಕೆ ವಾಲಿ ಬಿದ್ದಿತು. ಅವಳು ಮಂಡಿಯೂರಿ ಹಸಿ ಬುಡಕ್ಕೆ ಔಷಧಿ ಬಳಿದು ಎದ್ದು ನೋಡಿದರೆ ಅವನು ಬಸ್ಸಿನ ಸೀಟಿನ ಮೇಲೆ ಕೂತು ಅಳುತ್ತಿದ್ದ. ಅವಳಿಗೆ ಕರುಣೆ ಬರಲಿಲ್ಲ. ಇಷ್ಟಕ್ಕೆ ಅಳುವವರು ಅವತ್ತು ಬೇಕರಿಯಲ್ಲಿ ಅಳಬಹುದಿತ್ತು ಅನ್ನಿಸಿತು.

“ಏಳಿ. ಬೇಕರಿಗೆ ಹೋಗ್ಬೇಕು.”

ಬೇಕೆಂದೇ ಅವಳು ಬ್ರೆಡ್ಡು ಇಳಿಯುವ ಹೊತ್ತಿಗೆ ಹೋದಳು. ಜನರ ಮುಂದೆ ಆಡಿದ್ದನ್ನು ಜನರ ಮುಂದೆಯೇ ನುಂಗಬೇಕು. ಗಲ್ಲಾದ ಮುಂದೆ ಗಂಡನನ್ನು ನಿಲ್ಲಿಸಿ, “ಹೇಳಿ” ಅಂದಳು. ಊದಿದ ಕೆನ್ನೆಯಿಂದ ಅವನು ತೊದಲಿದ್ದು ಯಾರಿಗೂ ತಿಳಿಯಲಿಲ್ಲ. ಅವಳೇ ಗಟ್ಟಿಯಾಗಿ ಹೇಳಿದಳು: ಬೀಜ ಬರುತ್ತಿದ್ದದ್ದು ನಮ್ಮದೇ ಗಿಡದಿಂದ, ಇವರು ಬಚ್ಚಿಟ್ಟು ಸಾಕಿದ್ದರು, ನಿಮ್ಮ ಬೇಲಿಯ ತಪ್ಪು ಏನೂ ಇರಲಿಲ್ಲ, ನೀವು ಅವತ್ತು ಹೇಳಿದ್ದು ನಿಜ, ಸುಳ್ಳುಗಾರ ಅಂದದ್ದು ನನ್ನ ತಪ್ಪು.

ಅಂಗಡಿಯಲ್ಲಿ ಈ ಸಲ ಯಾರೂ ನಗಲಿಲ್ಲ. ಬೇಕರಿಯವರು ತಟ್ಟೆಯ ಮೇಲಿನ ಬ್ರೆಡ್ಡಿನ ಚೂರನ್ನು ಅಂಗೈಯಿಂದ ಒತ್ತರಿಸಿ ಡಬ್ಬಕ್ಕೆ ಹಾಕಿದರು.

“ಆಯ್ತು ಬಿಡಿ ಅಮ್ಮ.”

ಆ ಪದ ಕೇಳಿ ಅವಳ ಮೈ ಉರಿದುಹೋಯಿತು. “ಆಯ್ತು ಅನ್ಬೇಡಿ! ಬೈಯಿರಿ ನನಗೆ. ಅವತ್ತು ನಾನು ಅಂದಿದ್ದಕ್ಕೆ ಎರಡರಷ್ಟು ಅನ್ನಿ. ಇಷ್ಟು ಜನ ಇದ್ದಾರೆ, ಇವರ ಎದುರಿಗೇ ಬೈಯಿರಿ!”

ಬೇಕರಿಯವರು ಮೂರು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು. ಅವರ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

“ಬೈಯೋಕೆ ನನಗೆ ಬರಲ್ಲಮ್ಮ. ಬಂದಿದ್ರೆ ಅವತ್ತೇ ಬೈತಿದ್ದೆ, ಬೇಲಿ ಉಳೀತಿತ್ತು.” ಒಂದು ಪೊಟ್ಟಣ ಕಟ್ಟಿ ದಾರ ಹರಿದರು. “ಅದು ನಮ್ಮನೆಯವಳು ನೆಟ್ಟಿದ್ದು. ಕತ್ತರಿಸೋದು ಹೇಗೆ ಅಂತ ಹೇಳ್ಕೊಟ್ಟು ಹೋದ್ಲು. ಬಾಯಿ ಅಂದ್ರೆ ಅವಳದು. ಅವಳಿದ್ದಿದ್ರೆ ನಿಮಗೆ ಸರಿಯಾಗಿ ಉತ್ತರ ಸಿಕ್ತಿತ್ತು.”

ಟೈಲರಮ್ಮನ ಹಿಂದೆ ನಿಂತಿದ್ದವರು ಅವಳ ಭುಜದ ಪಕ್ಕದಿಂದ ಕೈ ಚಾಚಿದರು. ಬೇಕರಿಯವರು ಅವರ ಚಿಲ್ಲರೆ ತೆಗೆದುಕೊಂಡು, ಎಷ್ಟು ಬ್ರೆಡ್ಡು ಬೇಕು ಎಂದು ಅವರನ್ನೇ ಕೇಳಿದರು.