ಜಿಡ್ಡು ಬಿಟ್ಟ ರವಿವಾರ

ನಾನು ಒಂದು ಏರ್ ಫ್ರೈಯರ್. ತಲೆಯಲ್ಲಿ ಕೆಂಪಗೆ ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನು, ಹೊಟ್ಟೆಯಲ್ಲಿ ಜಾಲರಿಯ ಬುಟ್ಟಿ. ದೂರದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿ, ಒಮ್ಮೆ ಫ್ಯಾನು ತಿರುಗಿಸಿ ನೋಡಿ, ರಟ್ಟಿನ ಪೆಟ್ಟಿಗೆಗೆ ಹಾಕಿ ಅಂಟು ಹಚ್ಚಿದರು. ಒಮ್ಮೆ ತಿರುಗಿದ ಫ್ಯಾನಿಗೆ ಸುಮ್ಮನೆ ಕೂರುವುದು ಕಷ್ಟ. ಆ ಕತ್ತಲೆಯಲ್ಲಿ ಯಾವಾಗ ಹೊರಬೀಳುತ್ತೇನೋ ಎಂದು ಚಡಪಡಿಸುತ್ತ ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಹುಬ್ಬಳ್ಳಿಯ ಒಂದು ಅಂಗಡಿಗೆ ಬಂದೆ.

ನನ್ನನ್ನು ಕೊಂಡವಳು ಸುವರ್ಣಾ. ಸೀರೆ ಅಂಗಡಿಯಲ್ಲಿ ಕೆಲಸ ಅವಳದು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇದ್ದು, ಗಿರಾಕಿಗಳು ಬೇಡವೆಂದ ಸೀರೆಗಳನ್ನೆಲ್ಲ ಮತ್ತೆ ಮಡಿಸಬೇಕು. ದೀಪಾವಳಿಯ ಬೋನಸ್ ಬಂದ ದಿನವೇ ನನ್ನನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ಒಯ್ದಳು. ಮೊದಲ ಸಂಜೆ ಆಲೂಗಡ್ಡೆ ಹೋಳು ಹಾಕಿ ಗುಂಡಿ ಒತ್ತಿ, ಎದುರಿಗೆ ಸ್ಟೂಲ್ ಎಳೆದುಕೊಂಡು ಕುಳಿತಳು. ಬಾತ ಪಾದಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, "ಸಾಕವ್ವಾ, ಇನ್ನ ಒಲಿ ಮುಂದ ನಿಂದ್ರೂದು ತಪ್ಪಿತು," ಎಂದಳು. ನನಗೇ ಹೇಳಿದಳು ಅಂದುಕೊಂಡೆ.

ಅವಳ ಗಂಡ ಪರಶುರಾಮ ಬೈಕ್ ಮಿಸ್ತ್ರಿ. ಓಣಿಯ ಮೂಲೆಯಲ್ಲೇ ಅವನ ಗ್ಯಾರೇಜು. ಹಳೆಯ ಬೈಕಿನ ಕಾರ್ಬೊರೇಟರ್ ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿ ಸಂದಿ ತಿಕ್ಕಿ ಫಳಫಳ ಮಾಡುತ್ತಾನೆಂದು ಊರೆಲ್ಲ ಹೊಗಳುತ್ತಿತ್ತು. ಮನೆಯಲ್ಲಿ ಮಾತ್ರ ಉಂಡ ತಾಟನ್ನು ಎತ್ತಿ ಇಟ್ಟವನಲ್ಲ. ಕೆಟ್ಟವನೂ ಅಲ್ಲ. ಯಾರೂ ಎತ್ತಿಡು ಎಂದು ಹೇಳಿರಲಿಲ್ಲ, ಅವನಿಗೆ ತೋಚಿರಲೂ ಇಲ್ಲ.

ರವಿವಾರ ಸೀರೆ ಅಂಗಡಿಗೆ ಗಿರಾಕಿ ಜಾಸ್ತಿ, ಗ್ಯಾರೇಜಿಗೆ ರಜೆ. ಸುವರ್ಣಾ ಅತ್ತ ಹೋದಳೆಂದರೆ ಇತ್ತ ಪರಶುರಾಮನ ಗೆಳೆಯರು ಕ್ರಿಕೆಟ್ ಮ್ಯಾಚ್ ನೋಡಲು ಬರುತ್ತಿದ್ದರು. ಕೋಳಿಕಾಲು ಮಸಾಲೆ ಮೆತ್ತಿಕೊಂಡು ನನ್ನ ಹೊಟ್ಟೆಗೆ ಬೀಳುತ್ತಿದ್ದವು. ಒಂದು ಸರತಿ ಮುಗಿಯುವುದರೊಳಗೆ ಇನ್ನೊಂದು. ಕೊಬ್ಬು ಕರಗಿ ತಳಕ್ಕೆ ಇಳಿಯುತ್ತಿತ್ತು, ಸಿಡಿದು ತಲೆಯ ಸುರುಳಿಗೆ ಹತ್ತುತ್ತಿತ್ತು. ಮ್ಯಾಚ್ ಮುಗಿದ ಮೇಲೆ ಬುಟ್ಟಿಯನ್ನು ಹಾಗೇ ಒಳಗೆ ತಳ್ಳಿ ಹೋಗುತ್ತಿದ್ದರು. ಸಂಜೆ ಸುವರ್ಣಾ ಬಂದು ಬಳೆ ಮೇಲಕ್ಕೇರಿಸಿ ತೊಳೆಯುತ್ತಿದ್ದಳು. ಮೊದಮೊದಲು ಗೊಣಗುತ್ತಿದ್ದಳು. ಆಮೇಲೆ ಗೊಣಗುವುದನ್ನೂ ಬಿಟ್ಟಳು. ನನಗೆ ದಿಗಿಲಾದದ್ದು ಅದಕ್ಕೇ.

ಒಂದು ರವಿವಾರ ಅವಳು ಜ್ವರ ಹೊತ್ತುಕೊಂಡು ಬಂದಳು. ಎರಡು ತುಂಡು ಬ್ರೆಡ್ ಬಿಸಿ ಮಾಡಿಕೊಳ್ಳೋಣವೆಂದು ನನ್ನ ಗುಂಡಿ ಒತ್ತಿದಳು. ಸುರುಳಿಗೆ ಮೆತ್ತಿದ್ದ ಜಿಡ್ಡು ಕಾದು ಕಪ್ಪು ಹೊಗೆ ಎದ್ದಿತು. ಅವಳು ಕೆಮ್ಮುತ್ತ ಕಿಟಕಿ ತೆರೆದಳು. ಪರಶುರಾಮ ಮಂಚದ ಮೇಲಿಂದಲೇ ಕೂಗಿದ: "ಒಂದ್ ಡಬ್ಬಿ ಸಲುವಾಗಿ ಎಷ್ಟ್ ಗದ್ದಲ ಮಾಡ್ತಿ? ತೊಳದ್ರ ಆತಪಾ!"

ಸುವರ್ಣಾ ಪ್ಲಗ್ ಕಿತ್ತಳು. "ಡಬ್ಬಿ ಸಲುವಾಗಿ ಅಲ್ರಿ," ಎಂದಳು, ಅಷ್ಟೆ. ಮರುದಿನ ಬೆಳಿಗ್ಗೆ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಗದಗಿಗೆ, ಅಕ್ಕ ಶಕುಂತಲಾಳ ಮನೆಗೆ ಹೋದಳು. ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಅಂಗಡಿಗೆ ಬಂದು ಹೋಗತೊಡಗಿದಳು. ಈ ಮನೆಯ ಕಡೆ ತಿರುಗಲಿಲ್ಲ.

ಆ ದಿನಗಳಲ್ಲಿ ಪರಶುರಾಮನನ್ನು ನೋಡಬೇಕಿತ್ತು. ಕೂತರೆ ಏಳುವನು, ಎದ್ದರೆ ಕೂರುವನು. ಫ್ರಿಜ್ಜಿನ ಬಾಗಿಲು ತೆಗೆದು ಏನೂ ತಗೊಳ್ಳದೆ ಮುಚ್ಚುವನು. ನನ್ನನ್ನು ಎಳೆದು ನೋಡಿ, ಮೂಗು ಮುಚ್ಚಿಕೊಂಡು, ಹಾಗೇ ತಳ್ಳುವನು. ನನ್ನೊಳಗೆ ಇರುವೆಗಳು ಸಾಲುಗಟ್ಟಿದವು. ಕಡೆಗೊಂದು ದಿನ ಸುವರ್ಣಾಳ ಫೋನು ಬಂತು. ಬರುವ ರವಿವಾರ ಅಂಗಡಿ ಮುಗಿಸಿಕೊಂಡು ಬಂದು ತನ್ನ ಉಳಿದ ಸಾಮಾನು ಒಯ್ಯುತ್ತಾಳಂತೆ, ಮಷೀನೂ, ಅಂದರೆ ನಾನೂ ಸೇರಿದಂತೆ. "ಆತು," ಎಂದ ಪರಶುರಾಮ. ಫೋನ್ ಇಟ್ಟ ಮೇಲೂ ಗೋಡೆಗೆ "ಆತು, ಆತು" ಎನ್ನುತ್ತಲೇ ಇದ್ದ.

ರವಿವಾರ ಗೆಳೆಯರಿಗೆ ಬರಬೇಡಿರೆಂದು ಹೇಳಿದ. ಮಧ್ಯಾಹ್ನ ತೋಳು ಮಡಚಿ ನನ್ನನ್ನು ನೆಲಕ್ಕಿಳಿಸಿದ. ಗ್ಯಾರೇಜಿನಿಂದ ಒಂದು ಬಾಟಲಿ ತಂದಿದ್ದ. ಮುಚ್ಚಳ ತೆಗೆದೊಡನೆ ನನಗೆ ವಾಸನೆ ಹೊಡೆಯಿತು. ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ! ಎಂಜಿನ್ನಿನ ಜಿಡ್ಡು ಬಿಡಿಸುವುದು ಅವನಿಗೆ ಅದರಲ್ಲೇ ಗೊತ್ತು. ಬಾಟಲಿ ಬಗ್ಗಿಸಿದವನು ಏನೋ ಅನುಮಾನ ಬಂದು ತಡೆದ. ಹೆಂಡತಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟ.

"ಇದಕ್ಕ ಚಿಮಣಿ ಎಣ್ಣಿ ಹಾಕಿ ತಿಕ್ಕಿದ್ರ ನಡೀತೈತಿಲ್ಲೋ?"

"ಹುಚ್ಚ ಹಿಡದೈತೇನ್ರಿ?" ಸುವರ್ಣಾಳ ದನಿ ಏರಿತು, ಅಂಗಡಿಯಲ್ಲಿದ್ದೇನೆಂಬ ನೆನಪಾಗಿ ತಗ್ಗಿತು. "ಉಣ್ಣೂದು ಬೇಯಸೂದ್ರಾಗ ಚಿಮಣಿ ಎಣ್ಣಿ? ಮನಿ ಸುಡಬೇಕಂತ ಮಾಡೀರೇನು? ಮೊದಲ ಆ ಬಾಟ್ಲಿ ಹೊರಗಿಡ್ರಿ."

ಅವನು ಓಡಿಹೋಗಿ ಹೊರಗಿಟ್ಟು ಬಂದ. "ಇಟ್ಟೆ. ಮುಂದ?"

ಅತ್ತ ಅವಳು ಯಾರೋ ಗಿರಾಕಿಗೆ "ಆ ಹಸಿರ ಅಂಚಿಂದು ನೋಡ್ರಿ ಅಕ್ಕಾರ" ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು. "ಪ್ಲಗ್ ತಗದೀರಿಲ್ಲೋ? ಬುಟ್ಟಿ ಬಿಸಿನೀರಾಗ ಸಾಬೂನ, ಅಡಗಿ ಸೋಡಾ ಹಾಕಿ ನೆನಿ ಇಡ್ರಿ. ತಂತಿ ಬ್ರಷ್ ಮುಟ್ಟಬ್ಯಾಡ್ರಿ, ಲೇಪ ಕಿತ್ತ ಬರತೈತಿ. ಮಷೀನಿಗೆ ನೀರ ಸುರೀಬ್ಯಾಡ್ರಿ. ಬೋರಲ ಹಾಕಿ, ಸೋಡಾ ಕಲಸಿ, ಮೆತ್ತನ್ನ ಬ್ರಷ್‌ಲೆ ತಿಕ್ಕಿ ಒದ್ದಿ ಅರಿವಿಲೆ ಒರಸ್ರಿ."

ಪರಶುರಾಮ ಗ್ಯಾರೇಜಿನ ಬ್ರಷ್ಷು ಬಿಟ್ಟು ಹೊಸದೊಂದರ ಪ್ಯಾಕೆಟ್ ಒಡೆದ. ನನ್ನನ್ನು ಬೋರಲು ಹಾಕಿದ. ಸುರುಳಿಯನ್ನು ಹತ್ತಿರದಿಂದ ನೋಡಿ, "ಅಬಬಬ, ಇಷ್ಟ ಐತೇನು!" ಎಂದ. ತಿಕ್ಕಿದ. ಸೋಡಾ ಕಂದು ಬಣ್ಣಕ್ಕೆ ತಿರುಗಿತು. ಒರೆಸಿದ. ಮತ್ತೆ ತಿಕ್ಕಿದ. ಬೆವರು ನನ್ನ ಮೈಮೇಲೆ ಬಿತ್ತು. ನೆನೆಸಿದ ಬುಟ್ಟಿಗೆ ಕೈ ಹಾಕಿದಾಗ ಜಾಲರಿಯ ಅಂಚು ಅವನ ಬೆರಳು ಕೊಯ್ದಿತು.

"ಹಾ!" ಎಂದ. ಫೋನು ಇನ್ನೂ ಚಾಲೂ ಇತ್ತು.

"ಬಲಗಡೆ ಅಂಚು," ಎಂದಳು ಸುವರ್ಣಾ. "ಅದು ಕೊಯ್ತೈತಿ."

"ನಿನಗೂ ಕೊಯ್ತಿತ್ತೇನು?"

"ವಾರಾ ವಾರಾ. ಸೀರಿಗೆ ರಕ್ತದ ಕಲಿ ಹತ್ತಬಾರದಂತ ಪಟ್ಟಿ ಸುತಗೊಂಡ ಅಂಗಡಿಗೆ ಬರ್ತಿದ್ದೆ."

"ನನಗ ಹೇಳಬಾರದೇನ?"

"ಹೇಳಿದ್ದೆ. ಮ್ಯಾಚ್ ನಡದಿತ್ತು."

ಪರಶುರಾಮ ಬುಟ್ಟಿ ತಿರುಗಿಸಿ ಆ ಬಲಗಡೆಯ ಅಂಚನ್ನು ನೋಡಿದ. ಅತ್ತ ಗಿರಾಕಿ ಬಂದರೆಂದು ಅವಳು ಫೋನ್ ಇಟ್ಟಳು. ಅವನು ಎದ್ದು ಕಬ್ಬಿಣ ತೀಡುವ ಅರ ಹುಡುಕಿ ತಂದು, ಆ ಅಂಚನ್ನು ಉಜ್ಜಿ ಮೊಂಡು ಮಾಡಿದ. ತನ್ನ ಕೆನ್ನೆಗೆ ಸವರಿ ನೋಡಿ, ಮತ್ತೆ ಉಜ್ಜಿದ.

ಸಂಜೆ ಅವಳು ಬಂದಳು. ಚಪ್ಪಲಿ ಬಿಟ್ಟು ನೇರ ನನ್ನ ಹತ್ತಿರ ಬಂದು, ಬುಟ್ಟಿ ಎಳೆದು ಮೂಸಿದಳು. ಅಂಚಿನ ಮೇಲೆ ಬೆರಳು ಓಡಿಸಿದಳು, ಇನ್ನೊಮ್ಮೆ ಓಡಿಸಿದಳು. ಅವನು ಬಾಗಿಲ ಬಳಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದ. ಇನ್ನೇನು ಚೀಲ ಕೆಳಗಿಡುತ್ತಾಳೆ ಎಂದು ನಾನೂ ಕಾದೆ. ಅವಳು ಇಡಲಿಲ್ಲ.

"ಒಯ್ತೇನ್ರಿ," ಎಂದಳು.

ಅವನೇ ನನ್ನನ್ನು ಬಸ್ ನಿಲ್ದಾಣದವರೆಗೆ ಹೊತ್ತ. ಕಿಟಕಿಯಿಂದ ಅವಳ ತೊಡೆಗೆ ದಾಟಿಸುವಾಗ ಕೈ ಬಿಡಲಿಲ್ಲ. "ಅಲ್ಲೆ ಇದನ್ನ ಯಾರ ತೊಳೀತಾರ?"

"ನಾನ. ಮತ್ಯಾರ?"

"ರವಿವಾರ ನಾ ಬಂದ ತೊಳೀಲೇನು?"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಜಗ್ಗಿ ಹೊರಟಿತು. ಅವಳು ಮುಂದೆ ನೋಡುತ್ತಲೇ, "ಬರ್ರಿ ಬೇಕಾರ," ಎಂದಳು. ಎಂಜಿನ್ನಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಿತೋ ಇಲ್ಲವೋ ಎಂದು ದಾರಿಯುದ್ದಕ್ಕೂ ತಳಮಳಿಸಿದೆ.

ಕೇಳಿಸಿತ್ತು. ರವಿವಾರ ಗದಗಿಗೆ ಬಂದ, ಮುಂದಿನ ರವಿವಾರವೂ ಬಂದ. ಸುವರ್ಣಾ ಅಂಗಡಿಯಲ್ಲಿರುವ ಹೊತ್ತಿಗೇ ಬಂದು, ನನ್ನನ್ನು ತೊಳೆದು, ಸಿಂಕಿನಲ್ಲಿದ್ದ ಪಾತ್ರೆಗಳನ್ನೂ ತೊಳೆದಿಟ್ಟು ಹೋಗುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಶಕುಂತಲಾಗೆ ಸಾಕಾಯಿತು. "ನಿನ್ನ ಗಂಡ ಬಂದ ನಮ್ಮ ಮನಿ ಭಾಂಡಿ ತಿಕ್ಕಿದ್ರ ಓಣಿ ಮಂದಿ ಏನಂದಾರ? ನಿಮ್ಮ ಮನಿಗೆ ಹೋಗಿ ತಿಕ್ಕೊಳ್ರೆವಾ," ಎಂದು ತಂಗಿಯನ್ನು ಗದರಿದಳು. ಸುವರ್ಣಾ ನಕ್ಕಳು. ಬಹಳ ದಿನಗಳ ಮೇಲೆ ಕೇಳಿದ ನಗೆ. ಆದರೂ ಇನ್ನೊಂದು ವಾರ ಕಾಯಿಸಿಯೇ ಹುಬ್ಬಳ್ಳಿಯ ಮನೆಗೆ ಮರಳಲು ನನ್ನನ್ನು ಪೆಟ್ಟಿಗೆಗೆ ಹಾಕಿದಳು.

ಈಗ ನನಗೆ ಮುಪ್ಪು. ಲೇಪ ಹೋಗಿದೆ, ಫ್ಯಾನು ನಿಂತಿದೆ. ಪರಶುರಾಮ ಬಿಚ್ಚಿ ನೋಡಿ, ಆಗುವುದಿಲ್ಲವೆಂದು ತಲೆಯಾಡಿಸಿ, ಅಡುಗೆಮನೆಯ ಅಟ್ಟದ ಮೇಲೆ ಇಟ್ಟ. ಕೆಳಗೆ ಹೊಸತೊಂದು ಬಂದಿದೆ. ಮನುಷ್ಯರ ಮನಸ್ಸು ಒಂದೇ ತೊಳೆತಕ್ಕೆ ತಿಳಿಯಾಗುತ್ತದೆಂದು ನಾನು ನಂಬಿಲ್ಲ. ವಾರದಲ್ಲಿ ಮತ್ತೆ ಜಿಡ್ಡು ಕೂರುತ್ತದೆ, ಮತ್ತೆ ತಿಕ್ಕಬೇಕು. ಅದಕ್ಕೇ ರವಿವಾರ ಮಧ್ಯಾಹ್ನವಾದರೆ ಈಗಲೂ ನನಗೆ ಸಮಾಧಾನವಿಲ್ಲ.

ಇವತ್ತು ತಡವಾಯಿತು. ಮ್ಯಾಚಿನ ಗದ್ದಲ ಕೇಳುತ್ತಿತ್ತು. ಅದು ನಿಂತಿತು, ಗೆಳೆಯರು ಹೋದರು, ಸುವರ್ಣಾ ಬಂದು ಮಂಚದ ಮೇಲೆ ಕಾಲು ಚಾಚಿದಳು. ಅಡುಗೆಮನೆಯಲ್ಲಿ ಇನ್ನೂ ಸದ್ದಿಲ್ಲ. ಕಡೆಗೆ ನಲ್ಲಿ ತಿರುಗಿತು. ಬುಟ್ಟಿ ಸಿಂಕಿಗೆ ಧಡ್ ಎಂದು ಬಿತ್ತು.

"ಸಾವಕಾಶ್ ರೀ!" ಒಳಗಿನಿಂದ ಅವಳ ಕೂಗು.

"ಹೂಂ ಹೂಂ," ಎಂದ ಅವನು, ಮತ್ತೂ ಜೋರಾಗಿ ತಿಕ್ಕುತ್ತ.