ಹುರಿದ ಸೋಯಾ, ಮಾವನ ಮೂಗು

ಮೀನು ಸಾಕುವುದಕ್ಕೆ ಮೀನನ್ನೇ ಅರೆದು ಹಾಕುವುದು ಯಾವ ಸೀಮೆಯ ಜಾಣತನ ಎಂದು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ಕೇಳಿದ್ದೆ. ನನ್ನ ಗಂಡ ನಕ್ಕಿದ್ದರು. ನಮ್ಮದು ಗೆಂಡೆ ಮೀನಿನ ಕೊಳಗಳು. ಅವುಗಳ ಆಹಾರಕ್ಕೆಂದು ಸಮುದ್ರದ ಸಣ್ಣ ಮೀನನ್ನು ಒಣಗಿಸಿ ಕುಟ್ಟಿದ ಪುಡಿ ಮೂಟೆಗಟ್ಟಲೆ ಬರುತ್ತಿತ್ತು. ಮೂಟೆ ಬಿಚ್ಚಿದ ದಿನ ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಬರಬರುತ್ತಾ ಆ ಪುಡಿಯಲ್ಲಿ ಮೀನು ಕಡಿಮೆಯಾಗಿ ಮರಳು ಜಾಸ್ತಿಯಾಯಿತು. ಗೆಂಡೆಯೇನು ಬೇಟೆಯಾಡುವ ಮೀನಲ್ಲ. ಕಾಳು, ಸೊಪ್ಪು, ಕೆಸರಿನ ಹುಳ, ಸಿಕ್ಕಿದ್ದನ್ನು ತಿಂದುಕೊಂಡಿರುವ ಸಾಧು ಪ್ರಾಣಿ. ಅದಕ್ಕೆ ಮರಳು ತಿನ್ನಿಸಿ ಪೌಷ್ಟಿಕ ಆಹಾರ ಎಂದು ಹೆಸರಿಡುವುದು ನನಗೆ ಸರಿಬರಲಿಲ್ಲ.

ಕೊನೆಗೆ ನಾನೇ ಸೆರಗು ಸಿಕ್ಕಿಸಿ ನಿಂತೆ. ಸೋಯಾ ಕಾಳು ಹುರಿದು ಪುಡಿ ಮಾಡಿದೆ. ಅದಕ್ಕೆ ಸೂರ್ಯಕಾಂತಿ ಹಿಂಡಿ, ಗೋಧಿ ಬೂಸಾ ಬೆರೆಸಿ, ಬಿಸಿನೀರಲ್ಲಿ ಕಲಸಿ, ಇದಕ್ಕೆಂದೇ ಕೊಂಡ ಯಂತ್ರದಲ್ಲಿ ಒತ್ತಿ ಸಣ್ಣ ಗುಳಿಗೆ ಮಾಡಿ ಒಣಗಿಸಿದೆ. ಮೊದಲ ಸಲ ಹುರಿದದ್ದು ಅಡುಗೆಮನೆಯಲ್ಲೇ, ನನ್ನ ಬಾಣಲೆಯಲ್ಲೇ. ಅತ್ತೆಯ ಬೈಗುಳ ಕೇಳಿಕೊಂಡೇ ಹುರಿದೆ. ಚಿಕ್ಕ ಕೊಳಕ್ಕೆ ಒಂದು ಬುಟ್ಟಿ ಹಾಕಿದರೆ ಮೀನುಗಳು ಮುಗಿಬಿದ್ದವು. ನೀರು ಕುದಿದಂತೆ ಕಂಡಿತು. ನನ್ನ ಖುಷಿಗೆ ಪಾರವೇ ಇರಲಿಲ್ಲ.

"ಆಯ್ತು, ಎಲ್ಲ ಕೊಳಕ್ಕೂ ಇದನ್ನೇ ಹಾಕೋಣ," ಅಂದರು ಗಂಡ. "ಆದ್ರೆ ಹುರಿಯೋದು ಅಪ್ಪ. ಅಷ್ಟೊಂದು ಕಾಳು ನಿನ್ನ ಬಾಣಲೆಲಿ ಆಗೋ ಮಾತಲ್ಲ."

ಅದು ಸರಿಯಾದ ಮಾತೇ. ಮಾವ ದುಡಿಯುವ ಕಾಲವನ್ನೆಲ್ಲ ಕಡಲೆಕಾಯಿ ಹುರಿಯುವ ಕಾರ್ಖಾನೆಯಲ್ಲಿ ಕಳೆದವರು. ಅಲ್ಲಿ ಅವರನ್ನು ಕರೆಯುತ್ತಿದ್ದದ್ದೇ ಮೂಗಣ್ಣ ಎಂದು. ಕಾಳು ಹದಕ್ಕೆ ಬಂದದ್ದನ್ನು ಕಣ್ಣು ಮುಚ್ಚಿ, ಘಮದಿಂದಲೇ ಹೇಳುತ್ತಿದ್ದರಂತೆ. ಅವರು "ಇಳಿಸು" ಅಂದರೆ ಮಾಲೀಕನೂ ಎದುರು ಮಾತಾಡುತ್ತಿರಲಿಲ್ಲ. ನಿವೃತ್ತಿಯಾಗಿ ಬರುವಾಗ ಕಾರ್ಖಾನೆಯವರು ಒಂದು ಹಳೆಯ ಹುರಿಯುವ ಡ್ರಮ್ಮನ್ನೇ ಕೊಟ್ಟು ಕಳಿಸಿದ್ದರು. ಅದಕ್ಕೆ ಹಿತ್ತಿಲ ಶೆಡ್ಡಿನಲ್ಲಿ ಜಾಗವಾಯಿತು. ನಮ್ಮ ಮನೆಯಲ್ಲೂ ಅದೇ ಮರ್ಯಾದೆ. ಮಾವ "ಇಳಿಸು" ಅಂದ ಮೇಲೆ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ನೋಡುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ಅತ್ತೆ ಕೂಡ ಹಾಗೆ ಮಾಡಿದವರಲ್ಲ.

ಸೋಯಾ ಕಾಳಿನ ವಿಷಯದಲ್ಲಿ ಹುರಿಯುವುದೇ ಮುಖ್ಯ. ಹಸಿ ಉಳಿದರೆ ಮೀನಿನ ಹೊಟ್ಟೆಗೆ ಆಗುವುದಿಲ್ಲ, ತಿಂದದ್ದು ಮೈಗೆ ಹತ್ತುವುದಿಲ್ಲ. ಸೀದುಹೋದರೆ ಸತ್ವವೆಲ್ಲ ಹೊಗೆಯಾಗಿ ಹೋಗುತ್ತದೆ. ಇದನ್ನು ಮಾವನಿಗೆ ಹೇಳಲು ಹೋದೆ. "ನಂಗೇ ಹುರಿಯೋದು ಹೇಳ್ಕೊಡ್ತೀಯೇನಮ್ಮ?" ಅಂದು ನಕ್ಕರು. ನಾನು ಕಾಳಿನ ಮೂಟೆ ಬಿಚ್ಚಿಕೊಟ್ಟೆ.

ಡ್ರಮ್ಮು ತಿರುಗಿತು, ಗುಳಿಗೆ ಮೂಟೆ ತುಂಬಿತು, ಎಲ್ಲ ಕೊಳಗಳಿಗೂ ಹೊಸ ಆಹಾರ ಬಿತ್ತು. ಮೀನು ಮೇಲೆ ಬಂದವು, ಬಾಯಿಗೆ ಹಾಕಿಕೊಂಡವು, ಥೂ ಎಂದು ಉಗಿದವು. ಬೇರೆ ದಾರಿ ಇಲ್ಲವೆಂದು ಒಂದಷ್ಟು ತಿಂದವು. ಮೈ ಮಾತ್ರ ತುಂಬಲಿಲ್ಲ. ಗಂಡ ಬಲೆ ಹಾಕಿ ಕೆಲವನ್ನು ಹಿಡಿದು ಕೈಯಲ್ಲೇ ತೂಗಿದಂತೆ ಮಾಡಿ ವಾಪಸ್ ಬಿಟ್ಟರು. ಮುಖ ಇಷ್ಟುದ್ದವಾಗಿತ್ತು.

"ನೀನು ಆರಿಸಿ ತಂದ ಕಾಳೇ ಸರಿ ಇಲ್ಲ ಅನ್ಸುತ್ತೆ. ಇನ್ನೊಂದು ಸಲ ನೋಡೋಣ. ಆಗ್ಲೂ ಹೀಗೇ ಆದ್ರೆ ಹಳೇ ಪುಡಿಗೇ ಹೋಗೋಣ, ನಿನ್ನ ಯಂತ್ರ ಮಾರಿಬಿಡೋಣ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡ್ಕೋಬೇಡ ಅಂದರೆ ಆಗುತ್ತದೆಯೇ? ಮದುವೆಯಾದ ಮೇಲೆ ಈ ಮನೆಯಲ್ಲಿ ನನ್ನದು ಅಂತ ಒಂದು ಕೆಲಸ ಹುಟ್ಟಿದ್ದು ಇದೊಂದೇ. ಉಳಿದದ್ದೆಲ್ಲ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಿದ್ದು. ಹಿಂಡಿ ಬದಲಿಸಿದೆ, ನೀರಿನ ಅಳತೆ ಬದಲಿಸಿದೆ, ಯಂತ್ರದ ಜಾಲರಿ ಬಿಚ್ಚಿ ತೊಳೆದೆ. ತಲೆ ಕೆರೆದುಕೊಂಡು ಕೂದಲು ಉದುರಿತೇ ಹೊರತು ಕಾರಣ ಸಿಗಲಿಲ್ಲ. ಮಾವನ ಮೇಲೆ ಅನುಮಾನ ಬರಲೇ ಇಲ್ಲ. ಸೂರ್ಯ ಹುಟ್ಟಿದನೋ ಇಲ್ಲವೋ ಎಂದು ಯಾರಾದರೂ ಅನುಮಾನಪಡುತ್ತಾರೆಯೇ?

ಒಂದು ಬೆಳಿಗ್ಗೆ ಕೊಳದ ಕಟ್ಟೆಯ ಮೇಲಿದ್ದೆ. ರಬ್ಬರು ಸುಟ್ಟ ನಾತ ಮೂಗಿಗೆ ಬಡಿಯಿತು. ಶೆಡ್ಡಿನ ಕಡೆಯಿಂದ. ಎದ್ದೆನೋ ಬಿದ್ದೆನೋ ಎಂದು ಓಡಿದೆ. ನಾನು ಚಾಲೂ ಮಾಡಿಟ್ಟು ಬಂದಿದ್ದ ಗುಳಿಗೆ ಯಂತ್ರದ ಬೆಲ್ಟು ಜಾರಿ, ಉಜ್ಜಿಕೊಂಡು ಸುಡುತ್ತಿತ್ತು. ಕಣ್ಣಲ್ಲಿ ನೀರು ಬರುವಂಥ ವಾಸನೆ. ಅದರ ಪಕ್ಕದಲ್ಲೇ, ಯಂತ್ರಕ್ಕೆ ಬೆನ್ನು ಹಾಕಿ, ಮಾವ ಸ್ಟೂಲಿನ ಮೇಲೆ ಕೂತು ಆರಾಮವಾಗಿ ಡ್ರಮ್ಮು ತಿರುಗಿಸುತ್ತಿದ್ದರು.

"ಯಾಕಮ್ಮ, ಹಂಗೆ ಓಡಿ ಬಂದೆ?"

ನಾನು ಸ್ವಿಚ್ಚು ಆರಿಸಿದೆ. ಬೆಲ್ಟನ್ನು ತೋರಿಸಿದೆ. ಅವರು ತಿರುಗಿ ನೋಡಿದರು, ಹೊಗೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಕೊಳದ ಕಟ್ಟೆಯವರೆಗೂ ಬಡಿದ ನಾತ ಪಕ್ಕದಲ್ಲೇ ಕೂತ ಮೂಗಣ್ಣನ ಮೂಗಿಗೆ ಹತ್ತಿರಲಿಲ್ಲ. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು, ಆದರೆ ಮಾವನಲ್ಲಿ ಅಂಥ ಮುಖವನ್ನು ಎಂದೂ ಕಂಡಿರಲಿಲ್ಲ.

ಅವರು ಆಗಲೇ ಹುರಿದು ಇಳಿಸಿದ್ದ ರಾಶಿಯಿಂದ ಒಂದು ಕಾಳು ತೆಗೆದು ಅವರೆದುರೇ ಕಚ್ಚಿದೆ. ಹೊರಗೆ ಕೆಂಪು, ಒಳಗೆ ಹಸಿ. ನಾಲಿಗೆಯೆಲ್ಲ ಒಗರು.

ಸಿಟ್ಟು ನೆತ್ತಿಗೇರಿತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ! ನನ್ನ ಕಾಳು ಸರಿಯಿಲ್ಲ, ನನ್ನ ಹಿಂಡಿ ಸರಿಯಿಲ್ಲ ಎಂದು ಮಗ ಹೇಳುವಾಗ ಇವರು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಬಾಯಿ ತೆರೆದೇ ಬಿಟ್ಟೆ. ಅಷ್ಟರಲ್ಲಿ ಅವರ ಕೈ ಕಂಡಿತು. ಡ್ರಮ್ಮಿನ ಹಿಡಿಯನ್ನು ಬಿಡದೆ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಯಾರೋ ಕಿತ್ತುಕೊಳ್ಳಲು ಬಂದಿದ್ದಾರೇನೋ ಎನ್ನುವ ಹಾಗೆ. ನನಗೆ ಅಯ್ಯೋ ಅನ್ನಿಸಿತು. ಬಾಯಿ ಮುಚ್ಚಿದೆ.

"ಮಾವ, ಬೆಂಕಿ ಇನ್ನೂ ಸ್ವಲ್ಪ ಹೊತ್ತು ಇರ್ಲಿ," ಅಂದೆ. "ನಾನು ಇಲ್ಲೇ ಇರ್ತೀನಿ."

ನಿಂತೆ. ಹಸಿ ವಾಸನೆ ಹೋಯಿತು, ಬೆಂದ ವಾಸನೆ ಬಂತು, ಆಮೇಲೆ ಬಾಯಲ್ಲಿ ನೀರೂರಿಸುವ ಘಮ ಎದ್ದಿತು. "ಮಾವ, ಚಹಾ ತರಲಾ?" ಅಂದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಗಂಟಲು ಸರಿಮಾಡಿಕೊಂಡು, ಹಿತ್ತಿಲಿಗೆಲ್ಲ ಕೇಳುವ ಹಾಗೆ ಕೂಗಿದರು. "ಇಳಿಸು!"

ಅಂದಿನಿಂದ ಅದೇ ನಮ್ಮ ಒಳಒಪ್ಪಂದ. ಅವರು ತಿರುಗಿಸುವುದು, ನಾನು ಪಕ್ಕದಲ್ಲಿ ಏನೋ ಜರಡಿ ಹಿಡಿಯುವ ನಾಟಕ ಆಡುವುದು, ಹದ ಬಂದಾಗ ಚಹಾ ಬೇಕೇ ಎಂದು ಕೇಳುವುದು. ಅವರು ಆ ವಿಷಯ ಎತ್ತಲಿಲ್ಲ, ನಾನೂ ಕೇಳಲಿಲ್ಲ. "ಈ ಮನುಷ್ಯಂಗೆ ಚಹಾ ಕೊಟ್ಟು ಕೊಟ್ಟು ಹಾಳು ಮಾಡ್ತಿದ್ದೀಯ," ಎಂದು ಅತ್ತೆ ಗೊಣಗಿದರು. ಮಾವ ತಲೆ ತಗ್ಗಿಸಿ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ.

ಮೀನುಗಳಿಗೆ ಈ ಗುಟ್ಟು ಬೇಕಿರಲಿಲ್ಲ. ಅವು ತಿಂದವು. ಹಾಕಿದ್ದನ್ನೆಲ್ಲ ತಿಂದು ಇನ್ನೂ ಬೇಕು ಎಂದು ಕಟ್ಟೆಗೆ ಮೂತಿ ಒತ್ತಿದವು. ಮುಂದಿನ ಬಲೆಗೆ ಬಿದ್ದ ಮೀನುಗಳು ಗುಂಡುಗುಂಡಾಗಿದ್ದವು, ಬೆನ್ನು ಅಗಲವಾಗಿತ್ತು. ಗಂಡ ಮೊಣಕಾಲವರೆಗೆ ಒದ್ದೆಯಾಗಿ, ಒಂದು ಗೆಂಡೆಯನ್ನು ಮಗುವಿನಂತೆ ಎತ್ತಿ ಹಿಡಿದು ಶೆಡ್ಡಿಗೇ ಬಂದರು. ಹಿಂದೆಯೇ ಅತ್ತೆ. ಒಳಗೆ ಡ್ರಮ್ಮು ತಿರುಗುತ್ತಿತ್ತು, ಮಾವ ಸ್ಟೂಲಿನ ಮೇಲೆ, ನಾನು ಜರಡಿಯ ಪಕ್ಕ.

"ನೋಡಪ್ಪ! ಇದು ನಿನ್ನ ಮೂಗಿನ ಮಹಿಮೆ. ಮೊದಲು ಇವಳು ಎಂಥ ಕಾಳು ತಂದಿದ್ಲೋ ಏನೋ. ಈಗ ನೋಡು! ಯಂತ್ರ ಮಾರೋ ಮಾತೇ ಇಲ್ಲ."

ಗೆದ್ದಿದ್ದೆ. ನನ್ನ ಕೆಲಸ ಉಳಿಯಿತು. ಕಾಳಿನ ತಪ್ಪು ನನ್ನ ತಲೆಗೆ ಬಂದರೆ ಬರಲಿ, ಅದನ್ನು ಹೊತ್ತುಕೊಂಡು ನಗುವಷ್ಟು ಬಲ ನನಗಿದೆ ಅಂದುಕೊಂಡೆ. ಅಷ್ಟರಲ್ಲಿ ಡ್ರಮ್ಮಿನಿಂದ ಘಮ ಎದ್ದಿತು. ಬೇರೆ ದಾರಿಯಿಲ್ಲದೆ ಕೇಳಿದೆ.

"ಮಾವ, ಚಹಾ ತರಲಾ?"

ಮಾವ "ಇಳಿಸು" ಅನ್ನಲಿಲ್ಲ. ಸ್ಟೂಲಿನಿಂದ ಎದ್ದು ನಿಂತರು.

"ಚಹಾ ಬೇಡ ಕಣಮ್ಮ," ಅಂದರು. ಆಮೇಲೆ ಮಗನ ಕಡೆ ತಿರುಗಿದರು. "ಆ ಕೆಟ್ಟ ನೆಗಡಿ ಬಂದು ಮಲಗಿದ್ನಲ್ಲ, ಆಗ್ಲೇ ನನ್ನ ಮೂಗು ಹೋಯ್ತು. ಏನೂ ಗೊತ್ತಾಗಲ್ಲ. ಕಾಳು ಕೆಡಿಸಿದ್ದು ನಾನು. ಇವಳು ತಂದ ಕಾಳು ಚಿನ್ನದಂಗಿತ್ತು. ಈಗ ಹದ ನೋಡ್ತಿರೋದು ಇವಳ ಮೂಗು. ನಾನು ಸುಮ್ನೆ ಕೂಗ್ತೀನಿ ಅಷ್ಟೇ."

ಗಂಡನ ಕೈಯಿಂದ ಮೀನು ಜಾರಿ ನೆಲಕ್ಕೆ ಬಿದ್ದು ಪಟಪಟ ಹೊಡೆದುಕೊಂಡಿತು. ಅದನ್ನು ಹಿಡಿಯಲು ಹೋಗಿ ಅವರೂ ಜಾರಿದರು. ಅತ್ತೆಯ ಗಮನ ಎರಡರ ಮೇಲೂ ಇರಲಿಲ್ಲ.

"ಮತ್ತೆ ದಿನಾ ನನ್ನ ಅಡುಗೆ ಮುಂದೆ ಕೂತು ಘಮ್ ಅಂತಿದೆ ಕಣೇ ಅಂತಿದ್ರಲ್ಲ?"

"ಅದಕ್ಕೆ ಮೂಗು ಯಾಕೆ ಬೇಕು? ನಿನ್ನ ಮುಖ ನೋಡಿದ್ರೆ ಸಾಕು, ಉಪ್ಪು ಹೆಚ್ಚಾಗಿದ್ಯೋ ಇಲ್ವೋ ಗೊತ್ತಾಗುತ್ತೆ."

"ಸುಳ್ಳುಗಾರ," ಅಂದರು ಅತ್ತೆ. ಸೆರಗಿನಿಂದ ಕಣ್ಣೊರೆಸಿಕೊಂಡರು. ಶೆಡ್ಡಿನ ಹೊಗೆ ಎಂದರು. ಅಲ್ಲಿ ಹೊಗೆಯೇ ಇರಲಿಲ್ಲ. ನೆಲದಲ್ಲಿ ಕೂತಿದ್ದ ಗಂಡ ಮೀನನ್ನು ಎದೆಗವಚಿಕೊಂಡು ನನ್ನ ಕಡೆ ನೋಡಿದರು. "ನನ್ನ ಮೇಲೆ ತಪ್ಪು ಹಾಕಿದ್ರೂ ಸುಮ್ನಿದ್ಯಲ್ಲೇ ನೀನು," ಅಂದರು. "ಮೊದಲು ಮೀನು ನೀರಿಗೆ ಬಿಡಿ," ಅಂದೆ. ಆ ಗಲಾಟೆಯಲ್ಲಿ ಡ್ರಮ್ಮಿನ ಕಾಳೆಲ್ಲ ಸೀದುಹೋಯಿತು. ಅದಕ್ಕಾಗಿ ಯಾರೂ ಯಾರನ್ನೂ ಬೈಯಲಿಲ್ಲ.

ಈಗ ಹುರಿಯುವುದು ನಾನೇ. ಕೊಳಕ್ಕೆ ಆಹಾರ ಹಾಕುವ ಕೆಲಸವನ್ನು ಮಾವ ತಾವಾಗಿಯೇ ತೆಗೆದುಕೊಂಡಿದ್ದಾರೆ. ಮೊನ್ನೆ ಬುಟ್ಟಿ ತಲುಪಿಸಲು ಹೋದಾಗ ಅವರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಹೆಜ್ಜೆ ಸಪ್ಪಳಕ್ಕೇ ಮೀನುಗಳು ಸೇರಿದ್ದವು. ಪಕ್ಕದಲ್ಲಿ ಕೂತು ಇಷ್ಟು ದಿನ ಕೇಳದಿದ್ದದ್ದನ್ನು ಕೇಳಿಯೇಬಿಟ್ಟೆ.

"ಮಾವ, ನಾನು ಯಾರಿಗೂ ಹೇಳ್ತಿರ್ಲಿಲ್ಲ. ಮತ್ತೆ ನೀವ್ಯಾಕೆ ಹೇಳಿದ್ರಿ?"

ಅವರು ಒಂದು ಬೊಗಸೆ ಗುಳಿಗೆಯನ್ನು ನೀರಿಗೆ ಎಸೆದರು. ಮೀನುಗಳು ಎದ್ದು ಬಿದ್ದವು.

"ಮೂಗು ಹೋದಾಗಿಂದ ಹೆದರ್ಕೊಂಡೇ ಕೂತಿದ್ದೆ ಕಣಮ್ಮ. ಗೊತ್ತಾದ್ರೆ ಈ ಮನೇಲಿ ನಾನು ಯಾತಕ್ಕೂ ಬೇಡದವನು ಆಗ್ತೀನಿ ಅಂತ. ನಿಂಗೆ ಗೊತ್ತಾಯ್ತು. ಗೊತ್ತಾದ್ಮೇಲೂ ನೀನು ಪಕ್ಕದಲ್ಲೇ ನಿಂತೆ. ಆಮೇಲೆ ಹೆದರೋಕೆ ಏನು ಉಳೀತು ಹೇಳು?"